ಹೇಳಿ ಹೋಗುವ ಧರ್ಮ

ಬಸದಿಯ ಹೊಸ್ತಿಲು ದಾಟುವ ಶ್ರಾವಕನು ಮೂರು ಬಾರಿ ‘ನಿಸ್ಸಹಿ’ ಎನ್ನುತ್ತಾನೆ. ಮನೆಯ ಮಕ್ಕಳಿಗೂ ಇದು ಬಾಯಿಪಾಠವಾಗಿರುತ್ತದೆ. ಆದರೆ ದರ್ಶನ ಮುಗಿಸಿ ಹೊರಬರುವಾಗ ‘ಅಸ್ಸಹಿ’ ಎನ್ನಬೇಕೆಂಬುದು ಅನೇಕರಿಗೆ ಮರೆತುಹೋಗಿದೆ. ಈ ಎರಡೂ ಮಾತುಗಳ ಮೂಲವು ಮುನಿಗಳ ಆಚಾರದಲ್ಲಿದೆ. ವಟ್ಟಕೇರ ಆಚಾರ್ಯರ ಮೂಲಾಚಾರವು ಹೇಳುವ ಹತ್ತು ಬಗೆಯ ಸಾಮಾಚಾರಗಳಲ್ಲಿ ನಿಷೇಧಿಕಾ ಮತ್ತು ಆಸಿಕಾ ಎಂಬ ಎರಡು ಸೇರಿವೆ. ಗುಹೆಯಾಗಲಿ, ಪಾಳುಮನೆಯಾಗಲಿ, ಒಂದು ಸ್ಥಳವನ್ನು ಪ್ರವೇಶಿಸುವಾಗ ಅಲ್ಲಿರುವವರನ್ನು ಕೇಳಿ ಪ್ರವೇಶಿಸುವುದು ನಿಷೇಧಿಕಾ. ಆ ಸ್ಥಳವನ್ನು ಬಿಡುವಾಗ ತಿಳಿಸಿ ಬಿಡುವುದು ಆಸಿಕಾ. ಏನೊಂದೂ ತನ್ನದಲ್ಲದ ಮುನಿಗೇ ಈ ನಿಯಮವಿರುವಾಗ, ಪರರ ಮನೆಯಲ್ಲಿ, ಪರರ ಅಂಗಡಿಯಲ್ಲಿ ವರ್ಷಗಟ್ಟಲೆ ಇದ್ದು ವ್ಯವಹಾರ ಮಾಡುವ ಗೃಹಸ್ಥನಿಗೆ ಅದು ಇನ್ನೆಷ್ಟು ಅನ್ವಯಿಸಬೇಕು! ಬಾಡಿಗೆಯ ಜಾಗವನ್ನು ಬಿಡುವವನು ಎಷ್ಟು ದಿನ ಮುಂಚೆ ತಿಳಿಸಬೇಕೆಂಬ ಪ್ರಶ್ನೆಯನ್ನು ವಕೀಲರ ಬಳಿ ಕೇಳುವವರು ಬಹಳ. ಬಸದಿಯ ಹೊಸ್ತಿಲಲ್ಲಿ ನಿಂತು ಕೇಳಿಕೊಳ್ಳುವವರು ಕಡಿಮೆ.

ಬೀದರ ನಗರದ ಒಂದು ಸಣ್ಣ ಬಸದಿಯ ಟ್ರಸ್ಟಿನ ಸಭೆಯಲ್ಲಿ ಈ ಪ್ರಶ್ನೆ ಎದ್ದುದು 2023ರ ದಶಲಕ್ಷಣ ಪರ್ವ ಮುಗಿದ ವಾರದಲ್ಲಿ. ಟ್ರಸ್ಟಿಗೆ ರಸ್ತೆಯ ಬದಿಗೆ ನಾಲ್ಕು ಮಳಿಗೆಗಳಿವೆ. ನಿತ್ಯದ ಅಭಿಷೇಕ, ದೀಪದ ಎಣ್ಣೆ, ಪುರೋಹಿತರ ಸಂಬಳ ಇವೆಲ್ಲವೂ ನಡೆಯುವುದು ಆ ಬಾಡಿಗೆಯಿಂದಲೇ. ಅವುಗಳಲ್ಲಿ ಒಂದು ಮಳಿಗೆಯಲ್ಲಿ ಔರಾದ ಕಡೆಯ ಒಬ್ಬ ತರುಣನು ಮೊಬೈಲ್ ದುರಸ್ತಿಯ ಅಂಗಡಿ ಇಟ್ಟುಕೊಂಡಿದ್ದ. ತಿಂಗಳಿಗೆ 6,000 ರೂಪಾಯಿ ಬಾಡಿಗೆ, 36,000 ರೂಪಾಯಿ ಠೇವಣಿ, 11 ತಿಂಗಳ ಕರಾರು. ಬಿಡುವುದಾದರೆ ಎರಡು ತಿಂಗಳ ಮುನ್ಸೂಚನೆ ಕೊಡಬೇಕು, ಕೊಡದಿದ್ದರೆ ಇಡೀ ಠೇವಣಿ ಟ್ರಸ್ಟಿಗೆ ಸೇರತಕ್ಕದ್ದು ಎಂದು ಕರಾರಿನಲ್ಲಿ ಬರೆದಿತ್ತು. ಆ ತರುಣನು ಆಗಸ್ಟ್ 9ರಂದು ಕೋಶಾಧಿಕಾರಿಗಳ ಫೋನಿಗೆ ಎರಡು ಸಾಲಿನ ಸಂದೇಶ ಕಳಿಸಿದ: ಅಂಗಡಿ ಮುಚ್ಚಿದ್ದೇನೆ, ಡಿಪಾಜಿಟ್ ಹಿಂದಿರುಗಿಸಿರಿ. ಕೀಲಿಕೈ ಮಾತ್ರ 27ರವರೆಗೆ ಅವನ ಬಳಿಯೇ ಇತ್ತು. ಜುಲೈ ಅಂತ್ಯದವರೆಗಿನ ಬಾಡಿಗೆ ಸಂದಿತ್ತು. ಸೆಪ್ಟೆಂಬರ್ 20ರಿಂದ ಆ ಮಳಿಗೆಗೆ ಹೊಸ ಬಾಡಿಗೆದಾರರು ಬಂದಿದ್ದರು.

“ಕರಾರಿನಲ್ಲಿ ಸ್ಪಷ್ಟವಾಗಿದೆ. ಇದು ದೇವದ್ರವ್ಯ. ನಮ್ಮ ಕೈಯಿಂದ ಉದಾರಿಗಳಾಗಲು ನಮಗೆ ಅಧಿಕಾರವಿಲ್ಲ,” ಎಂದರು ಕೋಶಾಧಿಕಾರಿಗಳು. ಮಾತು ಸರಿಯಾಗಿಯೇ ಇತ್ತು. ಎಲ್ಲರೂ ತಲೆದೂಗಿದರು. ಸಭೆಯಲ್ಲಿದ್ದ ಹಿರಿಯ ಸದಸ್ಯರೊಬ್ಬರು ಮಾತ್ರ ಸುಮ್ಮನೆ ಕುಳಿತಿದ್ದರು. ಗಾಂಧಿಗಂಜಿನಲ್ಲಿ ಬಹುಕಾಲ ಕಾಳಿನ ವ್ಯಾಪಾರ ಮಾಡಿ, ಅಂಗಡಿಯನ್ನು ಮಕ್ಕಳಿಗೆ ಒಪ್ಪಿಸಿದವರು ಅವರು. ಅಭಿಪ್ರಾಯ ಕೇಳಿದಾಗ, “ಒಂದು ವಾರ ಸಮಯ ಕೊಡಿರಿ,” ಎಂದಷ್ಟೇ ಹೇಳಿದರು.

ಅವರ ಮೌನಕ್ಕೆ 42 ವರ್ಷಗಳ ಹಿಂದಿನ ಕಾರಣವೊಂದಿತ್ತು.

ಔರಾದ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದ ಅವರು ತಮ್ಮ ವ್ಯಾಪಾರವನ್ನು ಆರಂಭಿಸಿದ್ದು ಭಾಲ್ಕಿಯಲ್ಲಿ. 1978ರಲ್ಲಿ ಅಲ್ಲಿ ಒಂದು ಅಂಗಡಿಯನ್ನು ತಿಂಗಳಿಗೆ 90 ರೂಪಾಯಿ ಕಿರಾಯಿಗೆ ಹಿಡಿದರು. ಮಾಲಕಳು ಒಬ್ಬ ವಿಧವೆ. ಊರವರೆಲ್ಲ ಆಕೆಯನ್ನು ‘ಆಯಿ’ ಎಂದೇ ಕರೆಯುತ್ತಿದ್ದರು. ಕಾಗದವಿಲ್ಲ, ಸಾಕ್ಷಿಯಿಲ್ಲ; ಎರಡು ತಿಂಗಳ ಕಿರಾಯಿ 180 ರೂಪಾಯಿ ಠೇವಣಿ, ಉಳಿದುದೆಲ್ಲ ಬಾಯಿಮಾತು. ಆ ಅಂಗಡಿಯ ಕಿರಾಯಿಯೇ ಆಕೆಯ ಜೀವನಾಧಾರ.

1981ರ ಶ್ರಾವಣದಲ್ಲಿ ಬೀದರಿನ ಗಂಜಿನಲ್ಲಿ ಅವರಿಗೊಂದು ಅಂಗಡಿ ಗೊತ್ತಾಯಿತು. ದೀಪಾವಳಿಯ ಪಾಡ್ಯಕ್ಕೆ ಹೊಸ ಲೆಕ್ಕದ ಪುಸ್ತಕವನ್ನು ಅಲ್ಲಿಯೇ ತೆರೆಯುವುದೆಂದು ನಿಶ್ಚಯವೂ ಆಯಿತು. ಆದರೆ ಈ ಸುದ್ದಿಯನ್ನು ಅವರು ಭಾಲ್ಕಿಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಸಾಲ ಕೊಂಡ ಗಿರಾಕಿಗಳು ಹಣ ಕೊಡದೆ ನಿಲ್ಲಬಹುದು, ಜೊತೆಯ ವ್ಯಾಪಾರಿಗಳು ತಮಗಿಂತ ಮುಂಚೆ ಬೀದರಿನ ಅಂಗಡಿಗೆ ಹೆಚ್ಚು ಕಿರಾಯಿ ಕೂಗಬಹುದು ಎಂಬ ಅಂಜಿಕೆ. ಆಯಿಗೆ ಹೇಳಿದರೆ ಊರಿಗೆಲ್ಲ ಹೇಳಿದಂತೆ ಎಂದು ಆಕೆಗೂ ಹೇಳಲಿಲ್ಲ. ಸೆಪ್ಟೆಂಬರ್ ಕೊನೆಯ ದಿನ ರಾತ್ರಿ ಚೀಲಗಳನ್ನು ಲಾರಿಗೆ ಹೇರಿಸಿದರು. ಆ ತಿಂಗಳ ಕಿರಾಯಿಯನ್ನೂ ಕೀಲಿಕೈಯನ್ನೂ ಒಬ್ಬ ಹಮಾಲನ ಕೈಯಲ್ಲಿ ಆಯಿಯ ಮನೆಗೆ ಕಳಿಸಿ ಬೀದರಿಗೆ ಹೊರಟುಬಿಟ್ಟರು.

ಮೂರನೆಯ ದಿನ ಹಮಾಲನು ಬೀದರಿಗೆ ಬಂದು ಅವರ ಮುಂದೆ ಒಂದು ಬಟ್ಟೆಯ ಗಂಟನ್ನಿಟ್ಟ. ಅದರಲ್ಲಿ 180 ರೂಪಾಯಿ ಇತ್ತು. “ಆಯಿ ಎಣಿಸಿ ಕೊಟ್ಟಾಳ, ಸಾವ್ಕಾರ್ರ. ಒಂದು ಮಾತು ಹೇಳಿ ಹೋಗಿದ್ರ ನಾ ಏನು ಬ್ಯಾಡ ಅಂತಿದ್ನೇನು, ಅಂತ ಕೇಳ್ಯಾಳ,” ಎಂದ.

ಠೇವಣಿ ಪೂರ್ತಿ ಬಂದುದರಿಂದ ಆಕೆಗೆ ನಷ್ಟವೇನೂ ಆಗಿಲ್ಲವೆಂದು ಆ ದಿನ ಅವರು ಮನಸ್ಸಿಗೆ ಸಮಾಧಾನ ಹೇಳಿಕೊಂಡರು. ನಿಜಸಂಗತಿ ತಿಳಿದುದು ಕೆಲವು ವರ್ಷಗಳ ನಂತರ, ಅದೇ ಹಮಾಲನಿಂದ. ವ್ಯಾಪಾರಿಗಳು ಹೊಸ ಅಂಗಡಿ ಹುಡುಕುವುದು ದೀಪಾವಳಿಗೆ ಮುಂಚೆ. ಆಯಿಯ ಕೈಗೆ ಕೀಲಿಕೈ ಬರುವಷ್ಟರಲ್ಲಿ ಭಾಲ್ಕಿಯಲ್ಲಿ ಎಲ್ಲರೂ ತಮ್ಮ ತಮ್ಮ ಜಾಗ ಗೊತ್ತುಮಾಡಿಕೊಂಡಿದ್ದರು. ಅಂಗಡಿ ಅಕ್ಟೋಬರಿನಿಂದ ಮಾರ್ಚಿನವರೆಗೆ, ಯುಗಾದಿ ಬರುವತನಕ, ಬೀಗ ಹಾಕಿಯೇ ಇತ್ತು. ಆ ಆರು ತಿಂಗಳು ಆಕೆ ಏನು ಉಂಡಳೆಂಬುದನ್ನು ಅವರು ಕೇಳಲೂ ಇಲ್ಲ, ಹಮಾಲನು ಹೇಳಲೂ ಇಲ್ಲ.

ಇಲ್ಲಿ ಕಾನೂನು ಏನೆನ್ನುತ್ತದೆ ಎಂಬುದನ್ನು ತಿಳಿಯುವುದು ಆವಶ್ಯಕ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 106ನೆಯ ಪ್ರಕರಣದಂತೆ, ಬೇರೆ ಕರಾರಾಗಲಿ ಸ್ಥಳೀಯ ಕಾನೂನು ಅಥವಾ ರೂಢಿಯಾಗಲಿ ಇಲ್ಲದಿರುವಾಗ, ವಾಸದ ಮನೆ ಅಥವಾ ಅಂಗಡಿಯ ಬಾಡಿಗೆಯನ್ನು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಎಂದು ಭಾವಿಸಬೇಕು. ಅದನ್ನು ಕೊನೆಗಾಣಿಸಲು 15 ದಿನಗಳ ನೋಟಿಸ್ ಸಾಕು. ಕೃಷಿಗಾಗಿ ಅಥವಾ ಉತ್ಪಾದನೆಗಾಗಿ ಕೊಟ್ಟ ಜಾಗವಾದರೆ ಅದು ವರ್ಷದಿಂದ ವರ್ಷಕ್ಕೆ ನಡೆಯುವ ಗೇಣಿ. ಅದಕ್ಕೆ ಆರು ತಿಂಗಳ ನೋಟಿಸ್ ಬೇಕು. ಆದರೆ 107ನೆಯ ಪ್ರಕರಣದಂತೆ ವರ್ಷದಿಂದ ವರ್ಷಕ್ಕೆ ನಡೆಯುವ ಗೇಣಿಯು ನೋಂದಾಯಿತ ಪತ್ರದಿಂದಲೇ ಆಗಬೇಕಾದುದರಿಂದ, ಬೇಳೆಯ ಗಿರಣಿ ನಡೆಸುವವರು ಬಾಯಿಮಾತಿನ ಮೇಲೆ ನೆಚ್ಚಿ ಕೂರಬಾರದು. ಈ ನೋಟಿಸಿನ ಕರ್ತವ್ಯ ಮಾಲಕನಿಗೂ ಬಾಡಿಗೆದಾರನಿಗೂ ಸಮಾನ. ಅದು ಬರಹದಲ್ಲಿರಬೇಕು, ಕೊಡುವವನ ರುಜು ಇರಬೇಕು. ಅಂಚೆಯ ಮೂಲಕ ಕಳಿಸಬಹುದು, ಕೈಯಲ್ಲಿ ಕೊಡಬಹುದು, ಮನೆಯ ಸದಸ್ಯರಿಗೆ ಅಥವಾ ಸೇವಕರಿಗೆ ಅವರ ನಿವಾಸದಲ್ಲಿ ತಲುಪಿಸಬಹುದು. ಇವಾವುದೂ ಸಾಧ್ಯವಾಗದಿದ್ದರೆ ಆ ಕಟ್ಟಡದ ಕಾಣುವ ಜಾಗದಲ್ಲಿ ಅಂಟಿಸಬಹುದು. 2002ರ ತಿದ್ದುಪಡಿಗೆ ಮುಂಚೆ ಈ 15 ದಿನಗಳು ಬಾಡಿಗೆಯ ತಿಂಗಳ ಕೊನೆಗೇ ಮುಗಿಯಬೇಕಿತ್ತು; ಈಗ ನೋಟಿಸ್ ಕೈಸೇರಿದ ದಿನದಿಂದ ಎಣಿಕೆ ಆರಂಭವಾಗುತ್ತದೆ.

ನೋಟಿಸ್ ಕೊಟ್ಟ ಮಾತ್ರಕ್ಕೆ ಜವಾಬ್ದಾರಿ ಮುಗಿಯುವುದಿಲ್ಲ. 108ನೆಯ ಪ್ರಕರಣದಂತೆ ಬಾಡಿಗೆದಾರನು ಜಾಗವನ್ನು ಮಾಲಕನ ಸ್ವಾಧೀನಕ್ಕೆ ಒಪ್ಪಿಸಬೇಕು. ತನ್ನ ಬೀಗವನ್ನು ಹಾಕಿಕೊಂಡು ಊರಿಗೆ ಹೋದವನು ಜಾಗ ಬಿಟ್ಟಂತಾಗುವುದಿಲ್ಲ. ಪಡೆದಾಗ ಇದ್ದ ಸ್ಥಿತಿಯಲ್ಲಿಯೇ ಅದನ್ನು ಹಿಂದಿರುಗಿಸಬೇಕು. ಆದರೆ ದಿನನಿತ್ಯದ ಬಳಕೆಯಿಂದ ಆಗುವ ಸಹಜ ಸವಕಳಿಗೆ ಅವನು ಹೊಣೆಯಲ್ಲ. ಆದ್ದರಿಂದ ಹಲವು ವರ್ಷಗಳ ಬಳಕೆಯಿಂದ ಮಾಸಿದ ಗೋಡೆಯ ಸುಣ್ಣಬಣ್ಣದ ಖರ್ಚನ್ನು ಠೇವಣಿಯಲ್ಲಿ ಮುರಿದುಕೊಳ್ಳುವ ಮಾಲಕರ ರೂಢಿಯನ್ನು ಈ ಪ್ರಕರಣದ ಬೆಳಕಿನಲ್ಲಿ ಪರಿಶೀಲಿಸಬೇಕು. 2021ರಲ್ಲಿ ಕೇಂದ್ರ ಸಚಿವ ಸಂಪುಟವು ಒಪ್ಪಿದ ಮಾದರಿ ಬಾಡಿಗೆ ಅಧಿನಿಯಮವು, ಕರಾರಿನಲ್ಲಿ ಅವಧಿ ಹೇಳಿಲ್ಲದಿದ್ದರೆ ಬಾಡಿಗೆದಾರನು ಕನಿಷ್ಠ ಒಂದು ತಿಂಗಳು ಮುಂಚೆ ತಿಳಿಸಬೇಕೆನ್ನುತ್ತದೆ. ಠೇವಣಿಗೆ ವಾಸದ ಮನೆಗೆ ಎರಡು ತಿಂಗಳು, ಅಂಗಡಿ ಮುಂತಾದವುಗಳಿಗೆ ಆರು ತಿಂಗಳ ಬಾಡಿಗೆಯ ಮಿತಿಯನ್ನಿಡುತ್ತದೆ. ಆದರೆ ಅದು ಮಾದರಿ ಮಾತ್ರ. ರಾಜ್ಯವು ಅಂಗೀಕರಿಸಿದರೆ ಮಾತ್ರ ಅಲ್ಲಿ ಕಾನೂನಾಗುತ್ತದೆ.

ಗಂಜಿನ ಹಿರಿಯರು ಈ ಲೆಕ್ಕವನ್ನು ತಮ್ಮ ಮೇಲೆಯೇ ಹಾಕಿ ನೋಡಿದರು. 1981ರ ಕಾನೂನಿನಂತೆ ಅಕ್ಟೋಬರ್ ತಿಂಗಳ ನೋಟಿಸ್ ಕೊಟ್ಟಿದ್ದರೆ ಅವರ ಬಾಧ್ಯತೆ ಇನ್ನೊಂದು ತಿಂಗಳ ಕಿರಾಯಿ, ಅಂದರೆ 90 ರೂಪಾಯಿ. ಆಯಿಗಾದ ನಷ್ಟ ಆರು ತಿಂಗಳದು, 540 ರೂಪಾಯಿ. ಇವೆರಡರ ನಡುವಿನ 450 ರೂಪಾಯಿ ಯಾರ ಲೆಕ್ಕಕ್ಕೆ ಸೇರಬೇಕು? ನ್ಯಾಯಾಲಯವು ಅದನ್ನು ಕೇಳುವುದಿಲ್ಲ. ಸಾಮಾಯಿಕಕ್ಕೆ ಕುಳಿತ ಮನಸ್ಸು ಕೇಳುತ್ತದೆ.

ಈ ಪ್ರಶ್ನೆಗೆ ಶಾಸ್ತ್ರದಲ್ಲಿ ಉತ್ತರವಿದೆ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯವ್ರತವನ್ನು ಸ್ಥಿರಗೊಳಿಸುವ ಭಾವನೆಗಳನ್ನು ಹೇಳುವಾಗ, ಯಾರೂ ಇಲ್ಲದ ಜಾಗದಲ್ಲಿ ಇರುವುದು, ಬೇರೆಯವರು ಬಿಟ್ಟ ಜಾಗದಲ್ಲಿ ಇರುವುದು, ತಾನು ಇರುವಲ್ಲಿ ಇತರರನ್ನು ತಡೆಯದಿರುವುದು ಎಂಬ ಮೂರನ್ನು ಸೇರಿಸಿದೆ. ಇರುವ ಜಾಗದ ಪ್ರಶ್ನೆಯನ್ನು ಆಚಾರ್ಯರು ಕಳ್ಳತನದ ವಿಚಾರದಲ್ಲಿಯೇ ಇಟ್ಟಿರುವುದು ಗಮನಾರ್ಹ. ಒಬ್ಬರ ಸ್ಥಳವು ಇನ್ನೊಬ್ಬರಿಗೆ ಉಪಯೋಗವಾಗದಂತೆ ಮಾಡುವುದೂ ಕೊಡದುದನ್ನು ತೆಗೆದುಕೊಂಡಂತೆಯೇ. ಬಿಡುವ ನಿಶ್ಚಯವನ್ನು ಮುಚ್ಚಿಟ್ಟುಕೊಂಡ ಬಾಡಿಗೆದಾರನು ಮಾಲಕನ ಕಾಲವನ್ನು ತೆಗೆದುಕೊಳ್ಳುತ್ತಾನೆ. ಮಾಲಕನಿಗೆ ಆ ಕಾಲವೇ ಹಣ.

ಅದೇ ಅಧ್ಯಾಯವು ಮಾಲಕನನ್ನೂ ಬಿಟ್ಟಿಲ್ಲ. ನ್ಯಾಸಾಪಹಾರ, ಅಂದರೆ ಇನ್ನೊಬ್ಬರು ಒಪ್ಪಿಸಿದ ಇಡುಗಂಟನ್ನು ಅಪಹರಿಸುವುದು ಅತಿಚಾರಗಳಲ್ಲಿ ಒಂದು. ಇಟ್ಟವನು ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, ಸರಿಯಾದ ಮೊತ್ತವನ್ನು ಬಲ್ಲವನು “ಹೌದು, ಅಷ್ಟೇ” ಎಂದು ಒಪ್ಪಿದರೆ ಅದೇ ನ್ಯಾಸಾಪಹಾರವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುತ್ತಾರೆ. ಇದನ್ನು ಅಚೌರ್ಯದ ಅತಿಚಾರವೆಂದು ಹೇಳದೆ ಸತ್ಯವ್ರತದ ಅತಿಚಾರವೆಂದು ಹೇಳಿದೆ. ಠೇವಣಿಯು ಮಾಲಕನ ಕೈಯಲ್ಲಿರುವುದು ಒಂದು ನಂಬಿಕೆಯ ಮೇಲೆ. ಅದನ್ನು ನಷ್ಟಕ್ಕಿಂತ ಹೆಚ್ಚು ಹಿಡಿದುಕೊಂಡರೆ ಹಣಕ್ಕೆ ಮೊದಲು ಆ ಮಾತು ಕೆಡುತ್ತದೆ. ಅಕ್ಷರ ಬಲ್ಲವಳೋ ಅಲ್ಲವೋ ಎಂದು ಯಾರಿಗೂ ತಿಳಿಯದ ಭಾಲ್ಕಿಯ ಆಯಿ, ಮೂರು ದಿನದೊಳಗೆ 180 ರೂಪಾಯಿ ಎಣಿಸಿ ಕಳಿಸಿದಾಗ ಈ ಅತಿಚಾರದಿಂದ ದೂರ ನಿಂತಿದ್ದಳು. ಸ್ವಾಧ್ಯಾಯ ಮಾಡುವವರೆನಿಸಿಕೊಂಡವರು ಅವಳ ಬಾಗಿಲಿಗೆ ಕೀಲಿಕೈಯನ್ನು ಹಮಾಲನ ಕೈಯಲ್ಲಿ ಕಳಿಸಿದ್ದರು.

ವಾರದ ನಂತರ ಸಭೆ ಸೇರಿದಾಗ ಹಿರಿಯರು ಮೊದಲು ಒಂದು ಪ್ರಶ್ನೆ ಕೇಳಿದರು: “ಆ ಹುಡುಗ ಯಾಕೆ ಹೋದನೆಂದು ಯಾರಾದರೂ ಕೇಳಿದ್ದೀರಾ?” ಯಾರೂ ಕೇಳಿರಲಿಲ್ಲ. ಅವರು ಕೇಳಿ ಬಂದಿದ್ದರು. ತಂದೆಗೆ ಪಾರ್ಶ್ವವಾಯು ಬಡಿದು, ಮನೆಯಲ್ಲಿ ಬೇರೆ ಗಂಡು ದಿಕ್ಕಿಲ್ಲದೆ, ಅವನು ಔರಾದಿಗೆ ಮರಳಿದ್ದ. ನಿಶ್ಚಯವಾದ ದಿನವೇ ಸಂದೇಶ ಕಳಿಸಿದ್ದ. ಕಳಿಸುವ ರೀತಿ ಮಾತ್ರ ತಿಳಿದಿರಲಿಲ್ಲ.

“ಪಾಪ, ನಿಜ. ಆದರೆ ಬಸದಿಯ ಹಣ ಕಾಕಾ,” ಎಂದರು ಕೋಶಾಧಿಕಾರಿಗಳು.

“ಬಸದಿಯ ಹಣದಲ್ಲಿ ಒಂದು ಪೈಸೆ ಬಿಡಬೇಕೆಂದು ನಾನು ಹೇಳುವುದಿಲ್ಲ ತಮ್ಮಾ. ಬಸದಿಯದಲ್ಲದ ಹಣ ಬಸದಿಗೆ ಸೇರಬಾರದು, ಅಷ್ಟೇ,” ಎಂದು ಹಿರಿಯರು ಕಾಗದವೊಂದನ್ನು ಮುಂದಿಟ್ಟರು.

ಅದರಲ್ಲಿದ್ದ ಲೆಕ್ಕ ಸರಳವಾಗಿತ್ತು. ಕೀಲಿಕೈ ಆಗಸ್ಟ್ 27ಕ್ಕೆ ಬಂದುದರಿಂದ ಆಗಸ್ಟ್ ತಿಂಗಳ ಪೂರ್ತಿ ಬಾಡಿಗೆ 6,000. ಸೆಪ್ಟೆಂಬರ್ 1ರಿಂದ 19ರವರೆಗೆ ಮಳಿಗೆ ಖಾಲಿ ಇದ್ದ 19 ದಿನಕ್ಕೆ ದಿನಕ್ಕೆ 200ರಂತೆ 3,800. ಬಾಕಿ ವಿದ್ಯುತ್ ಬಿಲ್ಲು 640. ಒಟ್ಟು 10,440. ಹಿಂದಿರುಗಿಸತಕ್ಕದ್ದು 25,560. ಎರಡು ತಿಂಗಳ ಮುನ್ಸೂಚನೆಯ ಅವಧಿ ಅಕ್ಟೋಬರ್ 9ರವರೆಗೆ ಹೋಗುತ್ತದೆಂಬುದು ನಿಜ. ಆದರೆ ಸೆಪ್ಟೆಂಬರ್ 20ರಿಂದ ಹೊಸಬರು ಬಾಡಿಗೆ ಕೊಡುತ್ತಿರುವಾಗ, ಒಂದೇ ಜಾಗಕ್ಕೆ ಒಂದೇ ದಿನದ ಎರಡು ಬಾಡಿಗೆಯನ್ನು ಟ್ರಸ್ಟ್ ತೆಗೆದುಕೊಳ್ಳಬಾರದು. ಇದು ಕೇವಲ ದಯೆಯ ಮಾತಲ್ಲವೆಂಬುದನ್ನೂ ಅವರು ತೋರಿಸಿದರು. 1872ರ ಭಾರತೀಯ ಕರಾರು ಅಧಿನಿಯಮದ 73ನೆಯ ಪ್ರಕರಣದ ವಿವರಣೆಯು, ನಷ್ಟವನ್ನು ಲೆಕ್ಕಹಾಕುವಾಗ ಅದನ್ನು ತಗ್ಗಿಸಲು ಇದ್ದ ಉಪಾಯಗಳನ್ನೂ ಗಣನೆಗೆ ತೆಗೆದುಕೊಳ್ಳಬೇಕೆನ್ನುತ್ತದೆ. 74ನೆಯ ಪ್ರಕರಣದಂತೆ, ಕರಾರಿನಲ್ಲಿ ದಂಡದ ಮೊತ್ತ ಬರೆದಿದ್ದರೂ ದೊರೆಯತಕ್ಕದ್ದು ಆ ಮೊತ್ತವನ್ನು ಮೀರದ ಯುಕ್ತ ಪರಿಹಾರ ಮಾತ್ರ. ಕೋಶಾಧಿಕಾರಿಗಳು ಅಂಕಿಗಳನ್ನು ಎರಡು ಬಾರಿ ಕೂಡಿಸಿ ನೋಡಿ, ಠರಾವು ಬರೆದುಕೊಂಡರು.

ಮರುದಿನ ಹಿರಿಯರು ಬಸ್ಸಿನಲ್ಲಿ ಭಾಲ್ಕಿಗೆ ಹೋದರು. ಆಯಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಆ ಅಂಗಡಿಯಲ್ಲಿ ಈಗ ಅವಳ ಮೊಮ್ಮಗನೇ ಝೆರಾಕ್ಸ್ ಯಂತ್ರ ಇಟ್ಟುಕೊಂಡಿದ್ದ. ಹಿರಿಯರು ತಮ್ಮ ಪರಿಚಯ ಹೇಳಿ, ಒಂದು ಲಕೋಟೆಯನ್ನು ಅವನ ಕೈಗಿತ್ತರು. ವ್ಯಾಪಾರಿಯ ಅಭ್ಯಾಸದಂತೆ ಒಳಗೆ ಚೀಟಿಯೂ ಇತ್ತು: ಆರು ತಿಂಗಳ ಕಿರಾಯಿ 540; ನೂರಕ್ಕೆ ವರ್ಷಕ್ಕೆ 12ರಂತೆ 42 ವರ್ಷದ ಸರಳ ಬಡ್ಡಿ 2,721 ರೂಪಾಯಿ 60 ಪೈಸೆ; ಒಟ್ಟು 3,261 ರೂಪಾಯಿ 60 ಪೈಸೆ.

ಮೊಮ್ಮಗನು ಚೀಟಿಯನ್ನು ಓದಿ ಬಹಳ ಹೊತ್ತು ಏನೂ ಹೇಳಲಿಲ್ಲ. “ಆಯಿ ನಿಮ್ಮ ಹೆಸರು ಒಮ್ಮೆಯೂ ತೆಗೆದಿದ್ದಿಲ್ಲ ಕಾಕಾ,” ಎಂದ. ಅನಂತರ 540 ರೂಪಾಯಿ ಎಣಿಸಿ ಇಟ್ಟುಕೊಂಡು ಉಳಿದುದನ್ನು ಹಿಂದಿರುಗಿಸಿದ. “ಆಕಿ ಯಾರ ಕಡೆಯಿಂದನೂ ಬಡ್ಡಿ ತಗೊಂಡಾಕಿ ಅಲ್ಲ.”

ಹಿರಿಯರಿಗೆ ಆ ಮಾತಿನಿಂದ ಸಮಾಧಾನವಾಯಿತೆಂದು ಹೇಳಲಾಗದು. ಹೆಸರು ತೆಗೆಯದೆ ಇದ್ದುದು ಕ್ಷಮೆಯೋ, ಬೇಸರವೋ ಎಂದು ತಿಳಿಸಬೇಕಾದವಳು ಇರಲಿಲ್ಲ. ಕ್ಷಮಾವಣಿಯ ದಿನ ಎಲ್ಲರ ಮುಂದೆ ಕೈಮುಗಿಯುವಾಗ ಯಾರ ಮುಂದೆ ಮೊದಲು ಮುಗಿಯಬೇಕಿತ್ತೋ ಅವರ ಮುಂದೆ ಮುಗಿಯದೆ 42 ಕ್ಷಮಾವಣಿಗಳು ಕಳೆದಿದ್ದವು.

ಅದೇ ತಿಂಗಳು ಟ್ರಸ್ಟ್ ತನ್ನ ಬಾಡಿಗೆಯ ಕರಾರನ್ನು ಹೊಸದಾಗಿ ಬರೆಯಿಸಿತು. ಬಿಡುವವನೂ ಬಿಡಿಸುವವನೂ ಸಮಾನವಾಗಿ ಎರಡು ತಿಂಗಳ ಬರಹದ ನೋಟಿಸ್ ಕೊಡಬೇಕು. ನೋಟಿಸಿನ ಎರಡನೆಯ ಪ್ರತಿಯ ಮೇಲೆ ಪಡೆದವರ ರುಜುವೂ ತಾರೀಖೂ ಇರಬೇಕು. ಕಾಯಿಲೆ, ಮರಣ, ವರ್ಗಾವಣೆಯಂತಹ ಕಾರಣಗಳಿದ್ದರೆ ಹೊಸ ಬಾಡಿಗೆದಾರ ಬರುವವರೆಗಿನ ನಷ್ಟವನ್ನು ಮಾತ್ರ, ಅದೂ ಎರಡು ತಿಂಗಳಿಗೆ ಮೀರದಂತೆ, ಮುರಿದುಕೊಳ್ಳಬೇಕು. ಕೀಲಿಕೈ ಒಪ್ಪಿಸಿದ ದಿನ ಇಬ್ಬರೂ ಕೂಡಿ ಜಾಗವನ್ನು ನೋಡಿ, ಮೀಟರಿನ ಅಂಕಿ ಬರೆದುಕೊಂಡು, ನೋಟಿಸಿನ ಅವಧಿ ತುಂಬಿದ 15 ದಿನದೊಳಗೆ ಠೇವಣಿಯ ಲೆಕ್ಕವನ್ನು ಬರಹದಲ್ಲಿ ಕೊಡಬೇಕು. ಠೇವಣಿಯ ಹಣವನ್ನು ಟ್ರಸ್ಟಿನ ದಿನಖರ್ಚಿಗೆ ಬಳಸದೆ ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ಇತರ ಟ್ರಸ್ಟುಗಳೂ ಇಂತಹ ನಿಯಮಗಳನ್ನು ಯೋಚಿಸಬಹುದು.

ಆದರೆ ಯಾವ ಕರಾರೂ ಬರೆಯಲಾರದ ನಿಯಮವೊಂದು ಉಳಿಯುತ್ತದೆ. 15 ದಿನ, ಒಂದು ತಿಂಗಳು, ಎರಡು ತಿಂಗಳು ಇವೆಲ್ಲ ಕನಿಷ್ಠ ಮಿತಿಗಳು. ಅದಕ್ಕಿಂತ ಕಡಿಮೆ ಕೊಟ್ಟವನು ಕಾನೂನಿಗೆ ತಪ್ಪಿದವನು. ಬಿಡುವುದೆಂದು ಮನಸ್ಸಿನಲ್ಲಿ ನಿಶ್ಚಯವಾದ ದಿನವೇ ಹೇಳುವುದು ಶ್ರಾವಕನ ಅಳತೆ. ಶ್ರಾವಣದಲ್ಲಿ ನಿಶ್ಚಯಿಸಿ ಭಾದ್ರಪದದ ಕೊನೆಯವರೆಗೆ ಮುಚ್ಚಿಟ್ಟವನು, ನಡುವೆ ಉತ್ತಮ ಆರ್ಜವದ ಪ್ರವಚನ ಕೇಳಿದ್ದರೂ, ಹೇಳದೆ ಕೇಳದೆ ಹೋದವನೇ ಆಗುತ್ತಾನೆ.

ಔರಾದಿನ ತರುಣನು ಲೆಕ್ಕದ ಕಾಗದವನ್ನೂ 25,560 ರೂಪಾಯಿಗಳನ್ನೂ ತೆಗೆದುಕೊಂಡು ಹೋಗಲು ಬಂದ ದಿನ, ಬಸದಿಯ ಬಾಗಿಲು ತೆರೆದಿತ್ತು. ಅವನು ಜೈನನಲ್ಲ. ಚಪ್ಪಲಿ ಕಳಚಿ ಹೊಸ್ತಿಲ ಹೊರಗಿನಿಂದಲೇ ಕೈಮುಗಿದು, “ಬರ್ತೀನಿ ಕಾಕಾ,” ಎಂದು ಹೇಳಿ ಹೋದ.